ಹಿಟ್ಟಿನ ಹುಂಜ, ನರಳುವ ಹೇಂಟೆ

ಸಾಕಿದ ಕೋಳಿಯೊಂದು ವಾಸಿಯಾಗದ ಕಾಯಿಲೆಗೆ ಬಿದ್ದು ನರಳುವಾಗ ಅದರ ಜೀವವನ್ನು ಮನುಷ್ಯನೇ ಕೊನೆಗಾಣಿಸಬಹುದೇ ಎಂಬ ಪ್ರಶ್ನೆಯು, ಕೋಳಿಯನ್ನು ಕೊಯ್ದು ತಿನ್ನುವುದು ದಿನನಿತ್ಯದ ಸಂಗತಿಯಾಗಿರುವ ಸಮಾಜದಲ್ಲಿ, ಮೊದಲ ನೋಟಕ್ಕೆ ಅತಿಸೂಕ್ಷ್ಮತೆಯಂತೆ ತೋರಬಹುದು. ಹಿತ್ತಲಲ್ಲಿ ತೂಕಡಿಸತೊಡಗಿದ ಕೋಳಿಯನ್ನು ಅದು ಸಾಯುವ ಮೊದಲೇ ಕೊಯ್ದು ಸಾರು ಮಾಡುವ ಮನೆಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ಅಲ್ಲಿ ಆ ಕೋಳಿ ಮರಿಯಾಗಿದ್ದ ದಿನದಿಂದಲೂ ಅಡುಗೆಮನೆಯ ಲೆಕ್ಕದಲ್ಲೇ ಇತ್ತು. ಹೆಸರಿಟ್ಟು ಕರೆಸಿಕೊಂಡ, ಅಂಗೈಯಿಂದ ಕಾಳು ತಿಂದ, ಮೊಟ್ಟೆ ನಿಂತುಹೋದ ಮೇಲೂ ಗೂಡಿನಲ್ಲಿ ಉಳಿದುಕೊಂಡ ಕೋಳಿಯ ವಿಷಯ ಬೇರೆ. ಅದನ್ನು ಕೊಲ್ಲುವುದರಿಂದ ಮನೆಯವರಿಗೆ ಊಟವಿಲ್ಲ, ಹಣವಿಲ್ಲ. ಪ್ರಯೋಜನವೆಂಬುದು ಇದ್ದರೆ ಅದು ಕೋಳಿಗೇ ಆಗಬೇಕು. ಹೀಗೆ ದಯೆಯೊಂದನ್ನೇ ಕಾರಣವಾಗಿ ಮುಂದಿಡುವ ಕೊಲೆ ಹಿಂಸೆಯೋ ಅಹಿಂಸೆಯೋ ಎಂಬುದನ್ನು ಭಾರತದ ಧರ್ಮಚಿಂತಕರು ಸಾವಿರ ವರ್ಷಗಳಿಗೂ ಹಿಂದೆಯೇ ಎತ್ತಿಕೊಂಡಿದ್ದಾರೆ, ಮತ್ತು ಅವರು ಕೊಟ್ಟ ಉತ್ತರ ಇಂದಿನ ಓದುಗರು ನಿರೀಕ್ಷಿಸುವಷ್ಟು ಮೃದುವಾಗಿಲ್ಲ.

ಆ ಉತ್ತರಕ್ಕೆ ಹೋಗುವ ಮುನ್ನ ಕಾಯಿಲೆಯ ಸ್ವರೂಪವನ್ನು ಸ್ವಲ್ಪ ತಿಳಿಯಬೇಕಾಗುತ್ತದೆ. ಕೋಳಿಯು ಬೇರೆ ಪ್ರಾಣಿಗಳಿಗೆ ಆಹಾರವಾಗುವ ಹಕ್ಕಿಯಾದ್ದರಿಂದ ತನ್ನ ನಿತ್ರಾಣವನ್ನು ಆದಷ್ಟು ಕಾಲ ಮುಚ್ಚಿಡುತ್ತದೆ. ಜುಟ್ಟು ಬಾಡಿ, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆ ಸೇರುವ ಹೊತ್ತಿಗೆ ಕಾಯಿಲೆ ಬಹಳ ದೂರ ಸಾಗಿರುತ್ತದೆ. ಹಂಗೇರಿಯ ಪಶುವೈದ್ಯ ಯೋಸೆಫ್ ಮಾರೆಕ್ 1907ರಲ್ಲಿ ವರ್ಣಿಸಿದ, ಅವರ ಹೆಸರಿನಿಂದಲೇ ಕರೆಯಲಾಗುವ ಮಾರೆಕ್ ರೋಗದಲ್ಲಿ ಹರ್ಪಿಸ್ ಜಾತಿಯ ವೈರಾಣು ನರಗಳನ್ನು ಹಿಡಿಯುತ್ತದೆ. ಹಕ್ಕಿ ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬಿದ್ದುಕೊಳ್ಳುತ್ತದೆ. ಮರಿಗೆ ಮೊದಲ ದಿನವೇ ಹಾಕಿಸಬೇಕಾದ ಲಸಿಕೆ ಇದೆಯೇ ಹೊರತು, ಬಂದ ರೋಗಕ್ಕೆ ಔಷಧವಿಲ್ಲ. ಹಳ್ಳಿಗಳಲ್ಲಿ ಕೊಕ್ಕರೆ ರೋಗವೆನ್ನುವ ರಾಣಿಕೇತ್ ರೋಗದಿಂದ ಬದುಕಿ ಉಳಿದ ಕೋಳಿಯ ಕತ್ತು ತಿರುಚಿಕೊಂಡೇ ಇರಬಹುದು, ಆದರೆ ಅಂಥದ್ದಕ್ಕೆ ಕೈಯಾರೆ ಮೇವುನೀರು ಕೊಟ್ಟು ಬದುಕಿಸಿಕೊಳ್ಳುವುದೂ ಉಂಟು. ಮೊಟ್ಟೆಯ ಹಳದಿ ಅಂಡನಾಳಕ್ಕೆ ಇಳಿಯದೆ ಹೊಟ್ಟೆಯೊಳಗೆ ಬಿದ್ದು ಕೀವಾಗುವುದು ಮೊಟ್ಟೆಕೋಳಿಗಳ ಇನ್ನೊಂದು ಗತಿ. ಈ ಕೊನೆಯದರಲ್ಲಿ ಮನುಷ್ಯನ ಕೈವಾಡ ನೇರವಾಗಿಯೇ ಇದೆ: ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿ ಮರಿಮಾಡುವ ಕಾಲದಲ್ಲಿ ಕೆಲವೇ ಮೊಟ್ಟೆಯಿಟ್ಟು ಕಾವಿಗೆ ಕೂರುವ ಹಕ್ಕಿ, ಮನುಷ್ಯ ಆಯ್ದು ಬೆಳೆಸಿದ ತಳಿಯಾದರೋ ವರ್ಷಕ್ಕೆ 300ರಷ್ಟು ಮೊಟ್ಟೆಯಿಡುತ್ತದೆ. ಆದ್ದರಿಂದ ‘ಪ್ರಕೃತಿ ತನ್ನ ಕೆಲಸ ತಾನು ಮಾಡಲಿ’ ಎಂದು ಕೈಕಟ್ಟಿ ನಿಲ್ಲುವ ವಾದ ಕೋಳಿಯ ಮಟ್ಟಿಗೆ ಅಷ್ಟು ಸುಲಭವಾಗಿ ನಿಲ್ಲದು. ಆ ದೇಹವನ್ನು ಹಾಗೆ ಕಟ್ಟಿದ್ದು ಪ್ರಕೃತಿಯೊಂದೇ ಅಲ್ಲ.

ಈ ಪ್ರಶ್ನೆಯನ್ನು ಅತ್ಯಂತ ಬಿಗಿಯಾಗಿ ಹಿಡಿದದ್ದು ಜೈನಧರ್ಮ. ಜೀವಿಯ ಪ್ರಾಣಕ್ಕೆ ಹೊರಗಿನಿಂದ ಆಗುವ ಘಾತ ದ್ರವ್ಯಹಿಂಸೆ. ಅಂಥ ಘಾತಕ್ಕೆ ಮೂಲವಾಗಿ, ಅಥವಾ ಘಾತವೇ ನಡೆಯದಿದ್ದರೂ, ಮನಸ್ಸಿನಲ್ಲಿ ಏಳುವ ರಾಗದ್ವೇಷಗಳ ವಿಕಾರ ಭಾವಹಿಂಸೆ. ಗೃಹಸ್ಥನ ಹಿಂಸೆಯನ್ನು ಜೈನ ಆಚಾರಶಾಸ್ತ್ರ ಮತ್ತೆ ನಾಲ್ಕಾಗಿ ವಿಂಗಡಿಸುತ್ತದೆ: ಅಡುಗೆ, ಕಸ ಗುಡಿಸುವುದು ಮುಂತಾದ ಮನೆಗೆಲಸದಲ್ಲಿ ಆಗುವ ಆರಂಭೀ, ಬೇಸಾಯದಂಥ ಕಸುಬಿನಲ್ಲಿ ಆಗುವ ಉದ್ಯೋಗೀ, ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಾಗ ಆಗುವ ವಿರೋಧೀ, ಮತ್ತು ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ. ಮೊದಲ ಮೂರನ್ನು ಸಂಸಾರಿ ಪೂರ್ತಿಯಾಗಿ ತಪ್ಪಿಸಿಕೊಳ್ಳಲಾರನೆಂದು ಒಪ್ಪುವ ಶಾಸ್ತ್ರ, ನಾಲ್ಕನೆಯದರ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ದಯೆಯಿಂದ ಕೊಲ್ಲುವುದು ಎಷ್ಟೇ ನವಿರಾಗಿ ನಡೆದರೂ ಅದು ಆಲೋಚಿಸಿ, ನಿಶ್ಚಯಿಸಿ, ಹೊತ್ತು ಗೊತ್ತುಮಾಡಿ ನಡೆಸುವ ಕೊಲೆಯಾದ್ದರಿಂದ ಸಂಕಲ್ಪೀ ಹಿಂಸೆಯೊಳಗೇ ಬರುತ್ತದೆ.

ಹತ್ತನೆಯ ಶತಮಾನದ ದಿಗಂಬರ ಆಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದನ್ನು ಊಹೆಗೆ ಬಿಡದೆ ನೇರವಾಗಿಯೇ ಹೇಳಿದ್ದಾರೆ. ಒಳ್ಳೆಯ ಉದ್ದೇಶದ ವೇಷ ತೊಟ್ಟು ಬರುವ ಕೊಲೆಗಳ ಒಂದು ಸಾಲನ್ನೇ ಅವರು ಅಲ್ಲಿ ಪರೀಕ್ಷಿಸುತ್ತಾರೆ: ಒಂದು ಕ್ರೂರಮೃಗವನ್ನು ಕೊಂದರೆ ಹಲವು ಜೀವಗಳು ಉಳಿಯುತ್ತವೆಂಬ ವಾದ, ಬಹಳ ದುಃಖದಲ್ಲಿರುವ ಜೀವಿಯನ್ನು ಕೊಂದರೆ ಅದು ಬೇಗನೆ ದುಃಖದಿಂದ ಪಾರಾಗುತ್ತದೆಂಬ ವಾದ, ಸುಖದಲ್ಲಿರುವವರನ್ನು ಆ ಸುಖದಲ್ಲೇ ಕೊಂದರೆ ಮುಂದೆಯೂ ಸುಖಿಗಳಾಗಿಯೇ ಇರುವರೆಂಬ ವಾದ. ಮೂರನೆಯದನ್ನು ಓದಿ ನಗುವವರು, ಎರಡನೆಯದರ ಪಕ್ಕದಲ್ಲೇ ಆಚಾರ್ಯರು ಅದನ್ನು ಇರಿಸಿದ್ದೇಕೆಂದು ಯೋಚಿಸಬೇಕು. ಇನ್ನೊಂದು ಜೀವದ ಒಳಿತನ್ನು ತಾನೇ ಬಲ್ಲೆನೆಂಬ ಭರವಸೆಯಿಂದ ಅದರ ಪ್ರಾಣದ ಮೇಲೆ ಕೈಹಾಕುವ ಮನಸ್ಸು ಎರಡರಲ್ಲೂ ಒಂದೇ ಆಗಿದೆ.

ಜೈನಧರ್ಮವೇ ಸಲ್ಲೇಖನವನ್ನು, ಎಂದರೆ ಬಾಳಿನ ಕೊನೆಯಲ್ಲಿ ಎಚ್ಚರದಿಂದ ಆಹಾರವನ್ನು ಕ್ರಮೇಣ ತೊರೆದು ದೇಹವನ್ನು ಬಿಡುವ ವ್ರತವನ್ನು ಎತ್ತಿಹಿಡಿದಿದೆಯಲ್ಲವೇ, ಶ್ರವಣಬೆಳಗೊಳದ ಚಂದ್ರಗಿರಿಯ ಎಷ್ಟೋ ಶಾಸನಗಳು ಅಂಥ ಮರಣಗಳ ಸ್ಮರಣೆಯೇ ಅಲ್ಲವೇ ಎಂಬ ಆಕ್ಷೇಪ ಇಲ್ಲಿ ಸಹಜ. ಆದರೆ ಸಲ್ಲೇಖನವು ವ್ರತಿ ತಾನಾಗಿ ಕೈಗೊಳ್ಳುವ ತ್ಯಾಗ. ಒಬ್ಬರಿಗಾಗಿ ಇನ್ನೊಬ್ಬರು ಅದನ್ನು ಮಾಡಲು ಬರುವುದಿಲ್ಲ. ಕಾಯಿಲೆಯ ಕೋಳಿ ಮೇವು ಬಿಟ್ಟಿತೆಂಬುದನ್ನು ಅದರ ವೈರಾಗ್ಯವೆಂದು ಓದುವುದು ಕವಿಗಳಿಗೆ ಒಪ್ಪಬಹುದು, ಶಾಸ್ತ್ರಕ್ಕೆ ಒಪ್ಪದು.

ಕನ್ನಡದ ಓದುಗರಿಗೆ ಈ ಚರ್ಚೆಯಲ್ಲಿ ಕೋಳಿಯೇ ಬರುವ ಕಥೆಯೊಂದು ಗೊತ್ತಿದೆ. ಹೊಯ್ಸಳರ ಕಾಲದ ಜನ್ನ ಕವಿಯ ‘ಯಶೋಧರ ಚರಿತೆ’ (1209) ನಿಂತಿರುವುದು ಹಿಟ್ಟಿನ ಹುಂಜವೊಂದರ ಮೇಲೆ. ಅರಸ ಯಶೋಧರ ಜೀವಂತ ಬಲಿಗೆ ಒಪ್ಪದೆ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನಲ್ಲಿ ಮಾಡಿದ ಹುಂಜವನ್ನು ದೇವಿಯ ಮುಂದೆ ಕಡಿಯುತ್ತಾನೆ. ಆ ಹುಂಜ ಕೂಗುತ್ತದೆ. ಅಷ್ಟಕ್ಕೇ ತಾಯಿಮಕ್ಕಳು ಹಲವು ತಿರ್ಯಗ್ಜನ್ಮಗಳಲ್ಲಿ, ಎಂದರೆ ಪ್ರಾಣಿಪಕ್ಷಿಗಳ ಹುಟ್ಟುಗಳಲ್ಲಿ ತೊಳಲಿ, ಕೊನೆಗೆ ತಾವೇ ಕೋಳಿಗಳಾಗಿ ಹುಟ್ಟಿ ಸಾಯಬೇಕಾಗುತ್ತದೆ. ಯಾವ ಜೀವವೂ ಹೋಗದಿದ್ದರೂ ಕೊಲ್ಲುವ ಸಂಕಲ್ಪ ಇದ್ದುದರಿಂದ ಅದು ಹಿಂಸೆಯೇ ಆಯಿತು. ಆಗ ಎದುರಾಗುವ ತೊಡಕು ಕಡಿಮೆಯದಲ್ಲ: ಹಿಂಸೆಯ ಅಳತೆಗೋಲು ಸಂಕಲ್ಪವೇ ಆಗಿದ್ದರೆ, ಜೀವ ಹೋದರೂ ಸಂಕಲ್ಪ ದಯೆಯದೇ ಆಗಿರುವಲ್ಲಿ ಹಿಂಸೆ ಇಲ್ಲವೆನ್ನಬೇಕಲ್ಲವೇ? ಭಾವವೇ ಪ್ರಧಾನವೆಂದು ಸಾರುವ ದರ್ಶನ, ಅತ್ಯುತ್ತಮ ಭಾವದಿಂದ ನಡೆಯುವ ಕೊಲೆಯನ್ನೂ ಏಕೆ ಕ್ಷಮಿಸುವುದಿಲ್ಲ?

ಅದರ ಉತ್ತರ, ಜೈನ ಮತ್ತು ಬೌದ್ಧ ಚಿಂತಕರ ಮಾತುಗಳನ್ನು ಜೊತೆಗಿಟ್ಟು ನೋಡಿದರೆ, ದಯೆಯ ಬಗ್ಗೆ ಅವರಿಗಿದ್ದ ಸಂಶಯದಲ್ಲಿದೆ. ಭಿಕ್ಷುಗಳ ನಡವಳಿಕೆಯ ನಿಯಮಗಳ ಸಂಗ್ರಹವಾದ ವಿನಯಪಿಟಕದಲ್ಲಿ, ಕಾಯಿಲೆಬಿದ್ದ ಒಬ್ಬ ಭಿಕ್ಷುವಿಗೆ ಉಳಿದ ಭಿಕ್ಷುಗಳು ಕರುಣೆಯಿಂದಲೇ ಮರಣದ ಮಹಿಮೆಯನ್ನು ಬಣ್ಣಿಸಿದ, ಅದನ್ನು ಕೇಳಿ ಅವನು ಸತ್ತ ಪ್ರಸಂಗವಿದೆ. ಬುದ್ಧನ ತೀರ್ಪಿನಂತೆ ಅವರು ಸಂಘದಿಂದಲೇ ಹೊರಬೀಳುವ ಅಪರಾಧಕ್ಕೆ ಗುರಿಯಾದರು. ಅದು ಮನುಷ್ಯನ ಮಾತಾಯಿತು. ಪ್ರಾಣಿಯನ್ನು ಬೇಕೆಂದು ಕೊಲ್ಲುವುದು ಭಿಕ್ಷುವಿಗೆ ಅದಕ್ಕಿಂತ ಕಿರಿದಾದ, ಒಪ್ಪಿಕೊಂಡು ಶುದ್ಧನಾಗಬಹುದಾದ ದೋಷ. ಥೇರವಾದದ ವ್ಯಾಖ್ಯಾನಕಾರರು ಇನ್ನೂ ಮುಂದೆ ಹೋಗಿ, ಕೊಲ್ಲುವ ಆ ಕ್ಷಣದ ಚಿತ್ತದಲ್ಲಿ ದ್ವೇಷದ ಎಳೆ ಇದ್ದೇ ಇರುತ್ತದೆ ಎನ್ನುತ್ತಾರೆ. ನರಳುವ ಕೋಳಿಯ ಮುಂದೆ ಕೂತವರಲ್ಲಿ ದ್ವೇಷವೆಲ್ಲಿಂದ ಬಂತು ಎನ್ನಬಹುದು. ಅದು ಕೋಳಿಯ ಮೇಲಿನದಲ್ಲ, ನೋವಿನ ಮೇಲಿನದು. ನಿದ್ದೆಗೆಡಿಸುವ, ಕೆಲಸ ಕೆಡಿಸುವ, ಮಕ್ಕಳನ್ನು ಅಳಿಸುವ ಆ ನೋಟವನ್ನು ಸಹಿಸಲಾಗದ ಅಸಹನೆ. ‘ಅದರ ಸಂಕಟ ನೋಡಲಾಗುತ್ತಿಲ್ಲ’ ಎಂದು ಮನೆಯವರು ಹೇಳುವಾಗ ಆ ವಾಕ್ಯದಲ್ಲಿ ಸಂಕಟ ಕೋಳಿಯದಾದರೂ ನೋಡಲಾಗದಿರುವುದು ಮನುಷ್ಯನಿಗೆ. ಕೋಳಿಯ ಬೆಲೆಗಿಂತ ಪಶುವೈದ್ಯರ ಖರ್ಚೇ ಹೆಚ್ಚಾಗುವ ಲೆಕ್ಕವೂ ಆ ದಯೆಯ ಬೆನ್ನಿಗೆ ಸದ್ದಿಲ್ಲದೆ ನಿಂತಿರಬಹುದು.

ಈ ಸಂಶಯವನ್ನು ತಿರುಗಿಸಿ ಹಿಡಿದವರು ಗಾಂಧೀಜಿ. 1928ರಲ್ಲಿ ಸಾಬರಮತಿ ಆಶ್ರಮದ ಕರುವೊಂದು ಅಂಗಹೀನವಾಗಿ, ಮಗ್ಗುಲು ಬದಲಿಸಲೂ ಆಗದೆ ನರಳುತ್ತಿದ್ದಾಗ, ಇನ್ನು ಉಪಾಯವಿಲ್ಲವೆಂದು ವೈದ್ಯರು ಹೇಳಿದ ಮೇಲೆ, ಅವರು ತಮ್ಮ ಎದುರಿನಲ್ಲೇ ಚುಚ್ಚುಮದ್ದು ಕೊಡಿಸಿ ಅದರ ಜೀವವನ್ನು ಕೊನೆಗಾಣಿಸಿದರು. ಆಮೇಲೆ ‘ನವಜೀವನ’ ಮತ್ತು ‘ಯಂಗ್ ಇಂಡಿಯಾ’ ಪತ್ರಿಕೆಗಳಲ್ಲಿ ಅದನ್ನು ಸಮರ್ಥಿಸಿಕೊಂಡು ಬರೆದಾಗ ಸಿಟ್ಟಿನ ಕಾಗದಗಳ ಮಳೆಯೇ ಸುರಿಯಿತು. ಬರೆದವರಲ್ಲಿ ಜೈನರೂ ಇದ್ದರು. ಗಾಂಧೀಜಿ ಮುಂದಿಟ್ಟ ಷರತ್ತುಗಳು ನಾಲ್ಕು: ರೋಗ ವಾಸಿಯಾಗದ್ದಾಗಿರಬೇಕು, ಸಂಬಂಧಪಟ್ಟವರೆಲ್ಲ ಬದುಕಿನ ಆಸೆ ಬಿಟ್ಟಿರಬೇಕು, ಯಾವ ಸೇವೆಯಿಂದಲೂ ನೆರವಾಗುವ ಸ್ಥಿತಿ ದಾಟಿರಬೇಕು, ಮತ್ತು ಜೀವಿಗೆ ತನ್ನ ಇಚ್ಛೆಯನ್ನು ತಿಳಿಸಲು ಸಾಧ್ಯವಿಲ್ಲದಿರಬೇಕು. ಅವರ ವಾದದ ನಿಜವಾದ ಮೊನೆ ಷರತ್ತುಗಳಿಗಿಂತ ಹೆಚ್ಚಾಗಿ ಎದುರಾಳಿಗಳ ಮನಸ್ಸಿನ ಪರೀಕ್ಷೆಯಲ್ಲಿದೆ. ಕೊಲ್ಲುವವನ ದಯೆಯಲ್ಲಿ ಸ್ವಾರ್ಥ ಅಡಗಿರಬಹುದಾದರೆ, ಕೊಲ್ಲದೆ ಇರುವವನ ಅಹಿಂಸೆಯಲ್ಲೂ ಅದು ಅಡಗಿರಬಹುದು: ತನ್ನ ಕೈಗೆ ಪಾಪ ಅಂಟದಿರಲೆಂದು ಇನ್ನೊಂದು ಜೀವವನ್ನು ನರಳಲು ಬಿಡುವುದು ಅಹಿಂಸೆಯಲ್ಲ, ಮಡಿ.

ಕರ್ಮದ ಹೆಸರಿನಲ್ಲಿ ಬರುವ ಸಾಮಾನ್ಯ ಆಕ್ಷೇಪ ಇದರ ಮುಂದೆ ದುರ್ಬಲವಾಗಿ ಕಾಣುತ್ತದೆ. ಕೋಳಿ ತನ್ನ ಕರ್ಮವನ್ನು ಅನುಭವಿಸಿಯೇ ತೀರಬೇಕು, ನಡುವೆ ಕತ್ತರಿಸಿದರೆ ಉಳಿದದ್ದು ಮುಂದಿನ ಜನ್ಮಕ್ಕೆ ಹೋಗುತ್ತದೆ ಎನ್ನುವವರು ಅದೇ ಕೋಳಿಗೆ ಔಷಧ ಕುಡಿಸಲು ಹಿಂಜರಿಯುವುದಿಲ್ಲ. ನೋವು ಅನುಭವಿಸಬೇಕಾದ ಸಾಲವೇ ಆಗಿದ್ದರೆ ಔಷಧವೂ ಆ ಸಾಲಕ್ಕೆ ಅಡ್ಡಿಯೇ.

ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಇಚ್ಛೆಗೆ ಸಂಬಂಧಿಸಿದ್ದು, ಮತ್ತು ಗಾಂಧೀಜಿಯ ನಾಲ್ಕನೆಯ ಷರತ್ತು ಸಡಿಲಾಗುವುದು ಇಲ್ಲಿಯೇ. 2000ದಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕುಂಟುವ ಮಾಂಸದ ಕೋಳಿಗಳ ಮುಂದೆ ನೋವುನಿವಾರಕ ಬೆರೆಸಿದ ಮೇವನ್ನೂ ಬೆರೆಸದ ಮೇವನ್ನೂ ಇಟ್ಟಾಗ, ಕುಂಟು ಹೆಚ್ಚಿದಷ್ಟೂ ಅವು ಔಷಧವಿದ್ದ ಮೇವನ್ನು ಹೆಚ್ಚು ತಿಂದವು. ಹಕ್ಕಿಗೆ ನೋವಿದೆಯೆಂಬುದನ್ನೂ ಅದು ಉಪಶಮನವನ್ನು ಬಯಸುತ್ತದೆಂಬುದನ್ನೂ ಇದು ತೋರಿಸುತ್ತದೆ. ಸಾವನ್ನು ಬಯಸುತ್ತದೆಂದು ತೋರಿಸುವುದಿಲ್ಲ. ಹಾಗಾಗಿ ಕೋಳಿಯ ಇಚ್ಛೆ ಪೂರ್ತಿ ಮೂಕವೆನ್ನುವಂತಿಲ್ಲ: ತಿಳಿಯುವಷ್ಟರ ಮಟ್ಟಿಗೆ ಅದು ಕೇಳುವುದು ಶುಶ್ರೂಷೆಯನ್ನು. ಪಶುವೈದ್ಯರಿಂದ ನೋವಿನ ಔಷಧ, ಒಣಗಿದ ಬೆಚ್ಚನೆಯ ಹಾಸು, ಉಳಿದ ಕೋಳಿಗಳು ಕುಕ್ಕದಂತೆ ಪ್ರತ್ಯೇಕ ಬುಟ್ಟಿ, ಕೊಕ್ಕಿನಂಚಿಗೆ ಹನಿಹನಿಯಾಗಿ ನೀರು ಇವನ್ನೆಲ್ಲ ಕೊಟ್ಟು ನೋಡದೆ ಕೊಲ್ಲಲು ಹೊರಡುವ ದಯೆಗೆ ಅಮೃತಚಂದ್ರರ ಖಂಡನೆ ಪೂರ್ತಿಯಾಗಿ ಅನ್ವಯಿಸುತ್ತದೆ. ಇವೆಲ್ಲ ಆದ ಮೇಲೂ ಹಕ್ಕಿ ಬಾಯಿ ತೆರೆದು ಏದುಸಿರು ಬಿಡುತ್ತ, ಕತ್ತೆತ್ತಲಾಗದೆ, ಮೈಯಲ್ಲಿ ಹುಳು ಬೀಳುವ ಸ್ಥಿತಿಗೆ ಬಂದರೆ, ಗಾಂಧೀಜಿಯ ಮಾತೇ ಮೇಲಾಗಿ ನಿಲ್ಲುತ್ತದೆ. ಆದರೆ ಅದನ್ನು ಅಹಿಂಸೆಯೆಂದೇ ಕರೆದ ಗಾಂಧೀಜಿಗಿಂತ, ಅದನ್ನು ಹಿಂಸೆಯೆಂದೇ ಎಣಿಸಿದ ಆಚಾರ್ಯರ ಲೆಕ್ಕ ಹೆಚ್ಚು ಪ್ರಾಮಾಣಿಕವಾದದ್ದು. ಮಾಡಲೇಬೇಕಾಗಿ ಬಂದ ಹಿಂಸೆಯೂ ಹಿಂಸೆಯಾಗಿಯೇ ಉಳಿದರೆ, ಮುಂದಿನ ಕೋಳಿಯ ವಿಷಯದಲ್ಲಿ ಕೈ ಅಷ್ಟು ಬೇಗ ಮುಂದಾಗುವುದಿಲ್ಲ. (ಹಕ್ಕಿಜ್ವರದಂಥ ಸಾಂಕ್ರಾಮಿಕದ ಶಂಕೆಯಿದ್ದಲ್ಲಿ ನಿರ್ಧಾರ ಮನೆಯವರದಾಗಿ ಉಳಿಯುವುದಿಲ್ಲ, ಪಶುಪಾಲನಾ ಇಲಾಖೆಗೆ ತಿಳಿಸಲೇಬೇಕು, ಆ ಚರ್ಚೆ ಬೇರೆ.)

ಕೊಲ್ಲುವ ಕೈ ಯಾರದು ಎಂಬುದು ಇನ್ನು ಉಳಿಯುವ ವಿಷಯ. ತಾನು ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು, ಎಂದರೆ ಕೃತ, ಕಾರಿತ, ಅನುಮೋದಿತ, ಇವು ಮೂರನ್ನೂ ಜೈನ ಶಾಸ್ತ್ರ ಕರ್ಮದ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ನಸುಕಿನಲ್ಲಿ ಕೋಳಿಯನ್ನು ಚೀಲಕ್ಕೆ ಹಾಕಿ ಮಾಂಸದಂಗಡಿಗೆ ಕಳಿಸಿ, ಹೊರೆ ಇಳಿಯಿತೆಂದುಕೊಳ್ಳುವುದಕ್ಕೆ ಶಾಸ್ತ್ರದಲ್ಲಿ ಆಸ್ಪದವಿಲ್ಲ. ಅನುಭವವಿಲ್ಲದವರು ಕತ್ತು ಮುರಿಯಲು ಹೋಗಿ ಅರ್ಧಕ್ಕೆ ತಪ್ಪಿದರೆ ಹಕ್ಕಿಯ ಸಂಕಟ ಇಮ್ಮಡಿಯಾಗುವುದರಿಂದ, ಮೊದಲು ಪ್ರಜ್ಞೆ ತಪ್ಪಿಸಿ ಆಮೇಲೆ ಹೆಚ್ಚು ಪ್ರಮಾಣದ ಅರಿವಳಿಕೆಯಿಂದ ಉಸಿರು ನಿಲ್ಲಿಸುವ ಪಶುವೈದ್ಯರ ಕ್ರಮವೇ ಮೇಲು. ಸಾಕಿದವರು ಆಗ ಎದುರಿಗಿರುವುದು ಸಾಬರಮತಿಯ ಮೇಲ್ಪಂಕ್ತಿಗೂ ಹೊಂದುತ್ತದೆ. ಪೆಂಟೊಬಾರ್ಬಿಟಾಲ್‌ನಂಥ ಔಷಧ ಸತ್ತ ದೇಹದಲ್ಲಿ ಉಳಿದು ಅದನ್ನು ತಿಂದ ಹದ್ದು, ಕಾಗೆ, ಬೀದಿನಾಯಿಗಳನ್ನು ಕೊಲ್ಲಬಲ್ಲದಾದ್ದರಿಂದ, ಆ ಕೋಳಿಯನ್ನು ತಿಪ್ಪೆಗೆ ಎಸೆಯದೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ, ಮೇಲೆ ಕಲ್ಲು ಹೇರಿ ಹೂಳುವುದೂ ಅದೇ ನಿರ್ಧಾರಕ್ಕೆ ಸೇರಿದ ಕೆಲಸವಾಗುತ್ತದೆ.