ಮುನ್ಸಿಪಾಲ್ಟಿ ಬಾಗಿಲ ಹೊರಗೆ

ನಾವು ಕುಪ್ಪೇಲೂರಿನವರು. ರಾಣೆಬೆನ್ನೂರು ನಮ್ಮ ತಾಲೂಕು. ಬೀಜಕ್ಕೂ ಗೊಬ್ಬರಕ್ಕೂ, ಕಾಲೇಜಿಗೂ ದವಾಖಾನೆಗೂ, ಕೂಲಿಗೂ ಕೋರ್ಟಿಗೂ ಅಲ್ಲಿಗೇ ಹೋಗಬೇಕು. ಮೆಣಸಿನಕಾಯಿ ಚೀಲ ಇದ್ದರೆ ಬ್ಯಾಡಗಿಗೆ, ಜಿಲ್ಲಾ ಕಚೇರಿಯ ಕೆಲಸ ಇದ್ದರೆ ಹಾವೇರಿಗೆ. ಈ ಮೂರೂ ಊರುಗಳ ಗಟಾರ ತೋಡಿದವರು, ಕಟ್ಟಡಕ್ಕೆ ಇಟ್ಟಂಗಿ ಹೊತ್ತವರು ನಮ್ಮವರೇ. ಆದರೆ ಅಲ್ಲಿ ನಮ್ಮ ಓಟಿಲ್ಲ. ಕೇರಿ ಬಿಟ್ಟುಹೋಗಿ ಅಲ್ಲಿಯ ಓಣಿಯಲ್ಲಿ ನೆಲೆ ನಿಂತವರಿಗೆ ಮಾತ್ರ ಓಟಿದೆ.

ಹಾಗೆ ಹೋಗಿ ನೆಲೆನಿಂತ ಅವ್ವನೊಬ್ಬಳು ಹಬ್ಬಕ್ಕೆ ಊರಿಗೆ ಬಂದಾಗ ನಮ್ಮನ್ನೊಂದು ಮಾತು ಕೇಳಿದಳು. ನಾವು ಆಗ ಕಟ್ಟೆಯ ಮೇಲೆ ಕೂತು, ಓಟು ಮಾರಿಕೊಳ್ಳುವುದು ಎಂಥ ದ್ರೋಹ ಅಂತ ದೊಡ್ಡ ಮಾತು ಆಡುತ್ತಿದ್ದೆವು. ಆಕೆ ಅಂದಳು: "ಯಪ್ಪಾ, ಐನೂರು ರೂಪಾಯಿ ತಗೊಂಡ್ರ ನಾ ಮಾರಿಕೊಂಡಾಕಿ. ಕೊಟ್ಟು ಗೆದ್ದಾಂವ ಮೆಂಬರ್ ಸಾಹೇಬ. ಅವಗ ನೀವ ಹಾರ ಹಾಕ್ತೀರಿ. ಇದ್ಯಾ ಊರ ನ್ಯಾಯ?"

ಆವತ್ತು ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ಉತ್ತರ ಹುಡುಕುವುದಕ್ಕೆ ಈ ಬರಹ.

ಕಾನೂನಿನ ಉತ್ತರ ಸುಲಭದ್ದು. ಕೊಟ್ಟವನೂ ತಪ್ಪಿತಸ್ಥ, ತಗೊಂಡವಳೂ ತಪ್ಪಿತಸ್ಥಳು. ಆದರೆ ಕಾನೂನಿನ ತಕ್ಕಡಿಯಲ್ಲಿ ಹೊಟ್ಟೆಯ ತೂಕ ಬರುವುದಿಲ್ಲ. ಅದಕ್ಕೆ ಮೊದಲು ಆ ಓಟು ಏನನ್ನು ಕೊಳ್ಳುತ್ತದೆ, ಏನನ್ನು ಕೊಳ್ಳುವುದಿಲ್ಲ ಎಂಬುದನ್ನು ನೋಡಬೇಕು.

ನಮ್ಮಲ್ಲಿ ಊರಿನ ಆಡಳಿತಗಳಿಗೂ ಶ್ರೇಣಿಯಿದೆ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಪ್ರಕಾರ ಇಪ್ಪತ್ತು ಸಾವಿರದಿಂದ ಐವತ್ತು ಸಾವಿರ ಜನರಿದ್ದರೆ ಪುರಸಭೆ, ಐವತ್ತು ಸಾವಿರದ ಮೇಲೆ ಮೂರು ಲಕ್ಷದವರೆಗೆ ನಗರಸಭೆ. ಬ್ಯಾಡಗಿಯದು ಪುರಸಭೆ. ಹಾವೇರಿ, ರಾಣೆಬೆನ್ನೂರಿನವು ನಗರಸಭೆ. 2011ರ ಜನಗಣತಿಯಲ್ಲೇ ರಾಣೆಬೆನ್ನೂರು ಒಂದು ಲಕ್ಷ ದಾಟಿತ್ತು. ಅಲ್ಲಿ 35 ವಾರ್ಡು, 35 ಮೆಂಬರ್ರು. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂದ ಮೇಲೆ ಪರಿಶಿಷ್ಟರಿಗೆ ಅವರ ಜನಸಂಖ್ಯೆಗೆ ತಕ್ಕಷ್ಟು ಕುರ್ಚಿ, ಹೆಣ್ಣುಮಕ್ಕಳಿಗೆ ಮೂರರಲ್ಲಿ ಒಂದು ಕುರ್ಚಿ ಖಾಯಂ ಆಯಿತು. ಹೆಣ್ಣುಮಕ್ಕಳ ಪಾಲನ್ನು ನಮ್ಮ ರಾಜ್ಯ ಆಮೇಲೆ ಅರ್ಧಕ್ಕೆ ಏರಿಸಿತು. ಕಾಗದದ ಮೇಲೆ ಇದಕ್ಕಿಂತ ಚಂದದ ಸಭೆ ಇನ್ನೊಂದಿಲ್ಲ.

ಈಗ ಒಳಗೆ ಹೋಗಿ ನೋಡೋಣ. ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ಮೆಂಬರ್ರು ಆರಿಸುತ್ತಾರೆ. ಅವರ ಜೊತೆ ಆ ಊರಿನ ಎಮ್ಮೆಲ್ಲೆಗೂ ಎಂಪಿಗೂ ಓಟಿದೆ. ಕುರ್ಚಿಯ ಅವಧಿ 30 ತಿಂಗಳು. ಕುರ್ಚಿ ಯಾವ ಜಾತಿ ವರ್ಗಕ್ಕೆ, ಹೆಣ್ಣಿಗೋ ಗಂಡಿಗೋ ಎಂಬ ಪಟ್ಟಿ ಬೆಂಗಳೂರಿನಿಂದ ಬರಬೇಕು. ಪೌರಾಯುಕ್ತರನ್ನು ಸರಕಾರ ಕಳಿಸುತ್ತದೆ. ದೊಡ್ಡ ದುಡ್ಡೂ ಅಲ್ಲಿಂದಲೇ ಬರಬೇಕು. ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ನಗರಗಳಿಗೆಂದು 18 ಕೆಲಸಗಳನ್ನು ಬರೆದಿದ್ದಾರೆ. ಆದರೆ ಅವುಗಳಲ್ಲಿ ಎಷ್ಟನ್ನು ಕೊಡಬೇಕು ಎಂಬುದು ರಾಜ್ಯದ ಕೈಯಲ್ಲಿದೆ. ಮನೆಯ ಯಜಮಾನಿಕೆ ಕೊಟ್ಟು, ಕೀಲಿಕೈ ತನ್ನ ಸೊಂಟದಲ್ಲೇ ಇಟ್ಟುಕೊಂಡ ಅತ್ತೆಯ ಹಾಗೆ ಇದೆ ಈ ಬಾಳುವೆ.

ಇದು ಬರೀ ಮಾತಲ್ಲ. 2018ರ ಆಗಸ್ಟ್ 31ರಂದು ಹಾವೇರಿ, ರಾಣೆಬೆನ್ನೂರು ಸೇರಿ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಓಟು ನಡೆಯಿತು. ಸೆಪ್ಟೆಂಬರ್ 3ಕ್ಕೆ ಎಣಿಕೆ. ಗೆದ್ದವರು ಗುಲಾಲು ಎರಚಿದರು, ಡೊಳ್ಳು ಬಡಿಸಿದರು. ಆಮೇಲೆ? ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿನ ಮೆಟ್ಟಿಲು ಹತ್ತಿತು. ಎರಡು ವರ್ಷ ಮೆಂಬರ್ರು ಹೆಸರಿಗೆ ಮೆಂಬರ್ರು. ಆಡಳಿತ ಅಧಿಕಾರಿಗಳದ್ದು. ಅಧ್ಯಕ್ಷರು ಬಂದದ್ದು 2020ರ ಕೊನೆಗೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ದೇಶದ ಬಾಗಿಲು ಮುಚ್ಚಿದಾಗ ಜನರು ಆರಿಸಿದ ಸಭೆ ಇತ್ತು, ಅದಕ್ಕೆ ತಲೆ ಇರಲಿಲ್ಲ. ಆ ದಿನಗಳಲ್ಲೂ ಬೆಳಗಿನ ಜಾವ ಎದ್ದು ಬೀದಿಗೆ ಇಳಿದವರು ಪೌರಕಾರ್ಮಿಕರು. ಮೊದಲ 30 ತಿಂಗಳು 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ. ಅಲ್ಲಿಯವರೆಗೆ ಮತ್ತೆ ಅಧಿಕಾರಿಗಳು. ಒಂದು ದಿನವೂ ಪಟ್ಟಿ ಬರಲಿಲ್ಲ ಅಂತ ಕಸಬರಿಗೆ ನಿಲ್ಲಲಿಲ್ಲ. ಕುರ್ಚಿ ಖಾಲಿ ಇದ್ದರೂ ಊರು ನಡೆಯುತ್ತದೆ, ಕಸಬರಿಗೆ ನಿಂತರೆ ಮೂರನೇ ದಿನಕ್ಕೆ ಊರು ನಾರುತ್ತದೆ. ಆದರೂ ಹಾರ ಯಾವಾಗಲೂ ಕುರ್ಚಿಗೇ ಬೀಳುತ್ತದೆ.

ಹಾಗಾದರೆ ಓಟು ಸುಳ್ಳೇ? ನಮ್ಮ ಕೆಲವು ಗೆಳೆಯರು ಹೌದು ಅನ್ನುತ್ತಾರೆ. ಓಟನ್ನೇ ಬಹಿಷ್ಕರಿಸೋಣ ಅನ್ನುತ್ತಾರೆ. ಅವರಿಗೆ ನಾವು ಒಂದು ಕೆರೆಯ ಕತೆ ನೆನಪು ಮಾಡಿಕೊಡುತ್ತೇವೆ.

ನಮ್ಮ ಸೀಮೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದ ಶಾಸನ ಸಭೆಯಲ್ಲಿ 1923ರಲ್ಲಿ ಎಸ್.ಕೆ. ಬೋಲೆ ಒಂದು ಠರಾವು ತಂದರು. ಸಾರ್ವಜನಿಕ ದುಡ್ಡಿನ ಕೆರೆ, ಬಾವಿ, ಧರ್ಮಶಾಲೆ, ಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ. ಠರಾವು ಪಾಸಾಯಿತು. 1924ರಲ್ಲಿ ಮಹಾಡದ ಮುನ್ಸಿಪಾಲ್ಟಿ ತನ್ನ ಚವದಾರ ಕೆರೆಯೂ ಎಲ್ಲರಿಗೂ ತೆರೆದಿದೆ ಅಂತ ತನ್ನದೇ ಠರಾವು ಮಾಡಿತು. ಠರಾವು ಕಡತದಲ್ಲಿ ಮಲಗಿತು. ದನ ನೀರು ಕುಡಿದವು, ನಮ್ಮವರು ದಂಡೆಯಲ್ಲೇ ನಿಂತರು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆ ನೀರು ಎತ್ತಿದರು. ಅದೇ ವರ್ಷ ಆಗಸ್ಟಿನಲ್ಲಿ ಅದೇ ಮುನ್ಸಿಪಾಲ್ಟಿ ತನ್ನ ಠರಾವನ್ನು ವಾಪಸ್ ತಗೊಂಡಿತು! ಮೂರು ವರ್ಷ ಯಾರೂ ಮುಟ್ಟದೆ ಬಿಟ್ಟ ಠರಾವು, ನಮ್ಮವರು ಅದನ್ನು ನಂಬಿ ನಡೆದ ಕೂಡಲೇ ಅವರಿಗೆ ಅಪಾಯವಾಗಿ ಕಂಡಿತು. ಕೋರ್ಟಿನಲ್ಲಿ ನಮ್ಮವರು ಗೆದ್ದದ್ದು 1937ರಲ್ಲಿ.

ಇದರಿಂದ ನಾವು ಎರಡು ಪಾಠ ಕಲಿತಿದ್ದೇವೆ. ಒಂದು: ಕಾಲಿಲ್ಲದ ಠರಾವು ಹೆಣ. ಎರಡು: ಠರಾವು ಇರದಿದ್ದರೆ ನಡೆಯುವವರ ಕೈಯಲ್ಲಿ ಹಿಡಿಯಲು ಒಂದು ಕಾಗದವೂ ಇರುತ್ತಿರಲಿಲ್ಲ. ಬಹಿಷ್ಕಾರದ ಗೆಳೆಯರು ಮೊದಲನೇ ಪಾಠ ಓದಿ ಪುಸ್ತಕ ಮುಚ್ಚಿದ್ದಾರೆ. ಓಟು ಹಾಕಿ ಮನೆಗೆ ಹೋಗಿ ಮಲಗುವವರು ಎರಡನೆಯದನ್ನು ಮಾತ್ರ ಓದಿದ್ದಾರೆ.

ದೂರದ ಮಹಾಡ ಬಿಡಿ. ನಮ್ಮದೇ ಜಿಲ್ಲೆಯ ಸವಣೂರಿಗೆ ಬನ್ನಿ. 1970ರ ದಶಕದ ಮೊದಲಲ್ಲಿ ದೇವರಾಜ ಅರಸರ ಸರಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಆಡಿದ ಬೂಸಾ ಮಾತಿಗೆ ಊರೂರಲ್ಲಿ ಗಲಾಟೆಯೆದ್ದು ಕುರ್ಚಿ ಬಿಡಬೇಕಾಯಿತು. ಆ ಗಲಾಟೆಯ ಒಡಲಿನಿಂದಲೇ ನಮ್ಮ ಚಳವಳಿ ಹುಟ್ಟಿತು. 1993ರಲ್ಲಿ ಮಲ ಹೊರುವುದರ ವಿರುದ್ಧ ಕಾನೂನು ಬಂತು. ಹದಿನೇಳು ವರ್ಷ ಕಳೆಯಿತು. 2010ರ ಜುಲೈಯಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಕಚೇರಿಯ ಮುಂದೆ ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ತಲೆಮಾರುಗಳಿಂದ ಇದ್ದ ಜಾಗದಿಂದ ಅವರನ್ನು ಎಬ್ಬಿಸಿ ಅಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕೆಂಬ ಪುರಸಭೆಯ ಯೋಚನೆಯ ವಿರುದ್ಧ ಅದು ಅವರ ಕೊನೆಯ ಮಾತು.

ಆ ದಿನ ಮೈಮೇಲೆ ಸುರಿದುಕೊಂಡದ್ದು ಅವರ ಮಲವಲ್ಲ, ಊರಿನ ಮಲ. ಇಷ್ಟು ದಿನ ನಿಮ್ಮದನ್ನು ಹೊತ್ತೆವು, ಈಗ ಕಣ್ಣಾರೆ ನೋಡಿರಿ ಅಂತ ತೋರಿಸಿದರು. ಆ ಜನರಿಗೂ ಓಟಿತ್ತು. ಆ ಪುರಸಭೆಯಲ್ಲೂ ಮೀಸಲು ಕುರ್ಚಿಗಳಿದ್ದವು. ಹಾಗಿದ್ದೂ ಒಳಗೆ ಹೋಗಿ ಹೇಳುವ ಮಾತನ್ನು ಬಾಗಿಲ ಹೊರಗೆ, ಮೈಯಿಂದ ಹೇಳಬೇಕಾಯಿತು. ಓಟು ನಮ್ಮನ್ನು ಎಣಿಸುತ್ತದೆ. ಎಣಿಸುವುದು ಬೇರೆ, ಕೇಳಿಸಿಕೊಳ್ಳುವುದು ಬೇರೆ.

ಇಲ್ಲಿ ಇನ್ನೊಂದು ಕಷ್ಟದ ಪ್ರಶ್ನೆ ಬರುತ್ತದೆ. ಮೀಸಲು ವಾರ್ಡಿನಲ್ಲಿ ಗೆದ್ದವರು ಯಾರ ಮೆಂಬರ್ರು? 'ನಮ್ಮವನೇ ಗೆದ್ದು ನಮ್ಮನ್ನೇ ಮರೆತ' ಎಂಬ ಬೈಗುಳ ನಮ್ಮ ಕೇರಿಗಳಲ್ಲಿ ದಿನಾ ಕೇಳುತ್ತೇವೆ. ಬೈಯುವ ಮುಂಚೆ ಲೆಕ್ಕ ನೋಡೋಣ. 1932ರ ಪೂನಾ ಒಪ್ಪಂದದಿಂದ ಈಚೆಗೆ ಕುರ್ಚಿ ನಮ್ಮದು, ಓಟು ಎಲ್ಲರದು. ವಾರ್ಡಿನಲ್ಲಿ ನಾವು ಕಾಲು ಭಾಗ ಇದ್ದರೆ, ಮುಕ್ಕಾಲು ಭಾಗಕ್ಕೆ ಹಿಡಿಸಿದ ನಮ್ಮವನು ಗೆಲ್ಲುತ್ತಾನೆ. ಗಟ್ಟಿ ದನಿಯವನಿಗೆ ಟಿಕೆಟ್ಟೇ ಸಿಗುವುದಿಲ್ಲ. ಮೇಲಾಗಿ ಮೀಸಲು ವಾರ್ಡು ಚುನಾವಣೆಯಿಂದ ಚುನಾವಣೆಗೆ ತಿರುಗುತ್ತದೆ. ಮುಂದಿನ ಸಲ ಈ ಓಣಿಗೆ ಓಟು ಕೇಳಲು ಬರಲಿಕ್ಕಿಲ್ಲ ಅಂತ ಗೊತ್ತಿದ್ದವನಿಗೆ ಓಣಿಯ ಭಯವೆಲ್ಲಿ? ಹೆಣ್ಣುಮಕ್ಕಳದ್ದಂತೂ ಹೇಳುವುದೇ ಬೇಡ. ಆಕೆಯ ಹೆಸರು ಗೆಲ್ಲುತ್ತದೆ, ಗಂಡನಿಗೆ 'ಮೆಂಬರ್ರ' ಅನ್ನುತ್ತಾರೆ.

ಹಾಗಂತ ಅವರನ್ನು ಬಿಟ್ಟುಬಿಡುವುದೇ? ಇಲ್ಲ. ವ್ಯವಸ್ಥೆ ಕೈ ಕಟ್ಟುತ್ತದೆ ನಿಜ, ಬಾಯಿ ಹೊಲಿಯುವುದಿಲ್ಲ. ಸಭೆಯಲ್ಲಿ ಎದ್ದು ನಿಂತು 'ಈ ಠರಾವಿಗೆ ನನ್ನ ವಿರೋಧ ಐತಿ, ಬರಕೊಳ್ಳಿ' ಅನ್ನುವುದಕ್ಕೆ ಬಹುಮತ ಬೇಕಿಲ್ಲ. ಒಬ್ಬ ಸಾಕು. ಆ ಒಬ್ಬನಿಗೆ ಬೆನ್ನು ಬೇಕು. ಬೆನ್ನು ಕೊಡುವವರು ನಾವು. ಬೆನ್ನು ಕೊಡದೆ ಬೈಯುವ ಹಕ್ಕು ನಮಗಿಲ್ಲ.

ಈಗ ಅವ್ವನ ಪ್ರಶ್ನೆಗೆ ಬರೋಣ. ಐನೂರನ್ನು ಐದು ವರ್ಷದ ದಿನಗಳಿಗೆ ಹಂಚಿದರೆ ದಿನಕ್ಕೆ ಇಪ್ಪತ್ತೇಳು ಪೈಸೆ. ಆ ಪೈಸೆಗೆ ನೀರು, ಗಟಾರ, ದೀಪ, ಮಕ್ಕಳು ನಡೆಯುವ ದಾರಿ ಎಲ್ಲವೂ ಹೋಯಿತು. ಆದರೆ ಆಕೆ ಯಾಕೆ ತಗೊಂಡಳು? ದೊಡ್ಡ ಓಣಿಯವರಿಗೆ ನಗರಸಭೆ ನಳದ ನೀರಾಗಿ, ಸಿಮೆಂಟು ರಸ್ತೆಯಾಗಿ ಮನೆ ಬಾಗಿಲಿಗೆ ಬರುತ್ತದೆ. ಆಕೆಯ ಓಣಿಗೆ ನಗರಸಭೆ ಐದು ವರ್ಷಕ್ಕೊಮ್ಮೆ ಐನೂರರ ನೋಟಾಗಿ ಬರುತ್ತದೆ. ಆಕೆಯ ಕಣ್ಣಿಗೆ ಕಂಡ ಪಾಲು ಅಷ್ಟೇ. ಹೊಟ್ಟೆ ತುಂಬಿದವರು ಆಕೆಗೆ ನೀತಿ ಹೇಳುವುದು ನಾಚಿಕೆಗೇಡು. ಕೊಟ್ಟವನದೂ ತಗೊಂಡವಳದೂ ಒಂದೇ ತೂಕದ ತಪ್ಪು ಅಂತ ನಾವು ಒಪ್ಪುವುದಿಲ್ಲ. ಅವನು ಕೊಳ್ಳುವುದು ಅಧಿಕಾರ. ಆಕೆ ತಗೊಂಡದ್ದು ಎರಡು ದಿನದ ಸಂತೆ.

ಆದರೂ ಅವ್ವಾ, ನಿನಗೊಂದು ಮಾತು ಹೇಳಬೇಕು. ನೋಟು ತಗೊಂಡ ಪಾಪ ನಿನಗೆ ಹತ್ತುವುದಿಲ್ಲ. ಆದರೆ ನಾಳೆ ನೀನು ಗಟಾರದ ಮಾತು ಎತ್ತಿದಾಗ ಅವನು 'ನಿನಗ ಕೊಟ್ಟೀನಲ್ಲ' ಅನ್ನುತ್ತಾನೆ. ಆ ನೋಟಿಗೆ ಅವನು ಕೊಂಡದ್ದು ನಿನ್ನ ಓಟನ್ನಲ್ಲ, ಓಟು ಗುಟ್ಟಿನದು, ನೀನು ಯಾರಿಗೆ ಹಾಕಿದರೂ ಅವನಿಗೆ ತಿಳಿಯದು. ಅವನು ಕೊಂಡದ್ದು ಐದು ವರ್ಷದ ನಿನ್ನ ಬಾಯಿ. ಸವಣೂರಿನವರ ಹತ್ತಿರ ಇದ್ದದ್ದು ಅದೊಂದೇ, ಅದನ್ನು ಅವರು ಮಾರಲಿಲ್ಲ. ಮಾರಬಾರದ್ದು ಅದು.

ಹಾರದ ವಿಚಾರ ನಮ್ಮ ತಪ್ಪು. ಒಪ್ಪಿಕೊಳ್ಳುತ್ತೇವೆ. ಕೊಂಡು ಗೆದ್ದವನ ಮೆರವಣಿಗೆಯಲ್ಲಿ ಕುಣಿದವರಲ್ಲಿ ನಮ್ಮ ಓದಿದ ಹುಡುಗರೂ ಇದ್ದರು.

ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ಮಾಡಬೇಕಾದ್ದು ದೊಡ್ಡದೇನಲ್ಲ. ನಮ್ಮ ಕುಪ್ಪೇಲೂರಿನಂಥ ಹಳ್ಳಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆ ಕೊಟ್ಟಿದೆ. ಅಲ್ಲಿ ಯಾರು ಬೇಕಾದರೂ ಎದ್ದು ಕೇಳಬಹುದು. ಪಟ್ಟಣದವರಿಗೆ ಅಂಥ ಸಭೆಯಿಲ್ಲ. ವಾರ್ಡು ಸಮಿತಿ ಇರಲೇಬೇಕು ಅಂತ ಸಂವಿಧಾನ ಹೇಳುವುದು ಮೂರು ಲಕ್ಷ ದಾಟಿದ ಊರಿಗೆ ಮಾತ್ರ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಆ ಲೆಕ್ಕಕ್ಕೆ ಬರುವುದಿಲ್ಲ. ಸಂವಿಧಾನ ಕಡ್ಡಾಯ ಮಾಡಲಿಲ್ಲ ಅಂದರೆ ಬೇಡ ಅಂದಿತು ಅಂತಲ್ಲ. ಕಾಯ್ದೆ ಕೊಡದಿದ್ದರೆ ನಾವೇ ಓಣಿಯ ಕಟ್ಟೆಯ ಮೇಲೆ ಸಭೆ ಸೇರಿಸೋಣ. ತಿಂಗಳಿಗೊಮ್ಮೆ ಮೆಂಬರ್ರನ್ನು ಕರೆಯೋಣ, ಗಂಡನನ್ನಲ್ಲ, ಗೆದ್ದ ಹೆಣ್ಣುಮಗಳನ್ನೇ. ಪರಿಶಿಷ್ಟರಿಗೆಂದು ತೆಗೆದಿಡುವ, ಜನರ ಬಾಯಲ್ಲಿ 'ಶೇ 24.10' ಅಂತಲೇ ಹೆಸರಾದ ದುಡ್ಡು ಯಾವ ಓಣಿಗೆ ಹೋಯಿತು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆಯೋಣ. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡುವುದು ಓದಿದವರ ಕೆಲಸ. ಪೌರಕಾರ್ಮಿಕರ ಪಗಾರ, ಕೈಗವಸು, ಮನೆಯ ಮಾತು ಆ ಸಭೆಯಲ್ಲಿ ಮೊದಲು ಬರಲಿ, ಕೊನೆಗಲ್ಲ.

ಮುಂದಿನ ಸಲ ಅವ್ವ ಊರಿಗೆ ಬಂದಾಗ ಕಟ್ಟೆಯ ಮೇಲೆ ಕೂತು ದ್ರೋಹದ ಭಾಷಣ ಮಾಡುವುದಿಲ್ಲ. ಆಕೆಯ ಓಣಿಯ ಗಟಾರದ ಅರ್ಜಿ ಬರೆದು, ಆಕೆಯ ಜೊತೆ ರಾಣೆಬೆನ್ನೂರಿಗೆ ಹೋಗುತ್ತೇವೆ. ಅಲ್ಲಿ ನಮ್ಮ ಓಟಿಲ್ಲ, ಇರಲಿ. ಆ ಊರಿನ ಗಟಾರ ತೋಡಿದವರು ನಾವು, ಬಾಗಿಲೊಳಗೆ ಹೋಗಿ ಕೇಳಲು ಅಷ್ಟು ಸಾಕು.