ಭೋಗೋಪಭೋಗಕ್ಕೆ ಒಂದು ಅಳತೆ



ಮನೆಯಲ್ಲಿ ಕನ್ನಡ, ತೆಲುಗು, ಗುಜರಾತಿ, ಮಾರವಾಡಿ ಯಾವ ಮಾತನ್ನಾಡಿದರೂ ನಮ್ಮ ಬಹುತೇಕ ಕುಟುಂಬಗಳಿಗೆ ಅನ್ನವಿಕ್ಕಿದ್ದು ತಕ್ಕಡಿ ಮತ್ತು ಗಜಕಡ್ಡಿ. ಈ ಸೀಮೆಯಲ್ಲಿ ಇದು ಹೊಸತಲ್ಲ. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರ ಭಾಗದ ಅಮರಾಪುರದ 1278ರ ಶಾಸನವು, ಮಲ್ಲಿಶೆಟ್ಟಿಯು ಪಾರ್ಶ್ವನಾಥ ಬಸದಿಗೆ 2000 ಅಡಿಕೆ ಮರಗಳನ್ನು ದತ್ತಿ ಬಿಟ್ಟುದನ್ನು ಹೇಳುತ್ತದೆ. ರಾಯದುರ್ಗದಲ್ಲಿ 1355ರಲ್ಲಿ ಭೋಗರಾಜನು ಶಾಂತಿನಾಥ ಸ್ವಾಮಿಯನ್ನು ಪ್ರತಿಷ್ಠಾಪಿಸಿದನು. ಗಳಿಸಿದವರು ಬಿಡುವುದನ್ನೂ ಬಲ್ಲವರಾಗಿದ್ದರು.

ನಾನು ಜವಳಿ ವ್ಯಾಪಾರಿ. ತಂದೆಯವರ ಕಾಲದಲ್ಲಿ ರೈತರು ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ, ಮದುವೆಗೊಮ್ಮೆ ಅಂಗಡಿಯ ಮೆಟ್ಟಿಲೇರುತ್ತಿದ್ದರು; ಉದ್ರಿ ಲೆಕ್ಕವು ಶೇಂಗಾ ಮಾರಾಟವಾದ ಮೇಲೆ ತೀರುತ್ತಿತ್ತು. ಮಳೆ ಕೈಕೊಟ್ಟ ವರ್ಷ ತಂದೆಯವರು ಖಾತೆಯ ಪುಟ ಮಗುಚಿ ಸುಮ್ಮನಾಗುತ್ತಿದ್ದರು. 1991ರ ಆರ್ಥಿಕ ನೀತಿಯ ಬಳಿಕ ಮಾರುಕಟ್ಟೆಯ ಬಾಗಿಲು ತೆರೆಯಿತು. ರಾಯದುರ್ಗದಲ್ಲಿ ಜೀನ್ಸ್ ಹೊಲಿಗೆ ಬೆಳೆದು ಅನೇಕ ಮನೆಗಳಿಗೆ ದುಡಿಮೆಯಾಯಿತು. ಹೆಣ್ಣುಮಕ್ಕಳ ಕೈಯಲ್ಲೂ ನಾಲ್ಕು ಕಾಸು ಓಡಾಡಿತು. ಅದನ್ನು ಹಳಿಯುವ ಪಾಪಕ್ಕೆ ನಾನು ಹೋಗಲಾರೆ. ಈಗ ಅದೇ ಮನೆಗಳ ಮಕ್ಕಳು ಮೊಬೈಲಿನಲ್ಲೇ ಬಟ್ಟೆ ಆರಿಸಿ ತರಿಸುತ್ತಾರೆ. ನಮ್ಮಲ್ಲಿಗೆ ಬಂದು ಮುಟ್ಟಿ ನೋಡಿ, ಬೆಲೆ ಕೇಳಿ ಹೊರಡುವವರೂ ಉಂಟು!

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವಂತೆ, ಒಮ್ಮೆ ಅನುಭವಿಸಿ ಬಿಡುವ ಅನ್ನಾದಿಗಳು ಭೋಗ. ಮತ್ತೆ ಮತ್ತೆ ಬಳಸುವ ವಸ್ತ್ರಾದಿಗಳು ಉಪಭೋಗ. ಇಂದು ಒಮ್ಮೆ ಉಟ್ಟು ಫೋಟೊ ತೆಗೆಸಿಕೊಂಡ ಸೀರೆ ಬೀರುವಿನಿಂದ ಮತ್ತೆ ಹೊರಬರುವುದಿಲ್ಲ. ಉಪಭೋಗದ ವಸ್ತುವೇ ಭೋಗದ ವಸ್ತುವಾಗಿಬಿಟ್ಟಿದೆ. ಇವುಗಳಿಗೆ ಅಳತೆ ಹಾಕಿಕೊಳ್ಳುವುದೇ ಭೋಗೋಪಭೋಗ ಪರಿಮಾಣ ವ್ರತ. ಜೀವಾವಧಿಗೆ ಹಿಡಿದರೆ ಯಮ. ದಿನ, ಪಕ್ಷ, ಮಾಸವೆಂದು ಕಾಲ ಗೊತ್ತುಮಾಡಿ ಹಿಡಿದರೆ ನಿಯಮ. ಸಂಸಾರಿಗಳಾದ ನಮಗೆ ಆಚಾರ್ಯರು ಎಷ್ಟು ಸುಲಭದ ದಾರಿಯನ್ನು ತೋರಿದ್ದಾರೆ!

ಆದರೆ ವ್ಯಾಪಾರಿಗೆ ಇಲ್ಲೊಂದು ಸಂಕಟವಿದೆ. ನನ್ನ ಉಡುಪಿಗೆ ನಾನು ಮಿತಿ ಹಾಕಿಕೊಂಡಿದ್ದೇನೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಾಗ ಗಿರಾಕಿಯ ಮಿತಿ ದಾಟಿಸಲು ಹವಣಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಮಗಳ ಮದುವೆಯ ಜವಳಿಗೆಂದು ಬಂದ ಹಳೆಯ ಗಿರಾಕಿಯೊಬ್ಬರಿಗೆ ಕಂತಿನ ಸಾಲ ಕೊಡಿಸಿ, ಅವರು ಎಣಿಸಿ ಬಂದದ್ದರ ಎರಡರಷ್ಟು ಮಾರಿದೆ. ಆ ವರ್ಷ ಶೇಂಗಾ ಕೈಗೆ ಹತ್ತಲಿಲ್ಲ. ವಸೂಲಿಯವರು ಅವರ ಮನೆಯ ಬಾಗಿಲಿಗೆ ಬಂದು ನಿಂತರು. ಮುಂದೆ ಬಸ್ ನಿಲ್ದಾಣದಲ್ಲಿ ಎದುರಾದಾಗ ಅವರು ಜಗಳವಾಡಲಿಲ್ಲ. “ಸಾವ್ಕಾರ್ರೇ, ನಿಮ್ಮ ಅಪ್ಪನವರಾಗಿದ್ದರೆ ಅಷ್ಟು ಬಟ್ಟೆ ಕೊಡುತ್ತಿರಲಿಲ್ಲ” ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಅಂದಿನಿಂದ ಕಂತಿನ ಕಾಗದವನ್ನು ನಾನು ಮುಟ್ಟಿಲ್ಲ. ಬಾಡಿಗೆ, ಆಳುಗಳ ಸಂಬಳ ಎಲ್ಲಿಂದ ಬರಬೇಕೆಂದು ಮಗ ಕೇಳುತ್ತಾನೆ. ಅವನ ಪ್ರಶ್ನೆಯೂ ಸುಳ್ಳಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಈ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ನಡೆದೇ ಇದೆ.