ಯಕೃತ್ತಿಗೊಂದು ದಾನಶಾಸನ

ದೇಹದಿಂದ ಕತ್ತರಿಸಿ ತೆಗೆದ ತುಂಡು ಯಾರದು? ಆಸ್ಪತ್ರೆಗೆ ಅದು ಕಸ; ಸಂಶೋಧಕನಿಗೆ ನಿಧಿ. ರೋಗಿಗೆ ಅದು ಏನೆಂದು ಕೇಳುವವರು ಕಡಿಮೆ.

ಮದ್ಯ, ಹೆಪಟೈಟಿಸ್, ಕೊಬ್ಬು ಇವುಗಳಿಂದ ಮತ್ತೆ ಮತ್ತೆ ಗಾಯಗೊಂಡ ಯಕೃತ್ತು ನಾರುಗಟ್ಟಿ ಗಡುಸಾಗುತ್ತದೆ. ಅದನ್ನು ತಡೆಯಲು ಪ್ರತಿಕಾಯಗಳನ್ನು, ಎಂದರೆ ಒಂದೇ ಗುರಿಯನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನುಗಳನ್ನು, ಔಷಧವಾಗಿ ಪರೀಕ್ಷಿಸುತ್ತಿದ್ದಾರೆ. ಇಲ್ಲಿ ಇಲಿಯ ಸಾಕ್ಷ್ಯ ಸಾಲದು. ಇಲಿಗಳಲ್ಲಿ ಆಶೆ ಹುಟ್ಟಿಸಿದ್ದ ಪ್ರತಿಕಾಯದ ಔಷಧರೂಪವಾದ ಸಿಮ್ಟುಜುಮ್ಯಾಬ್ ರೋಗಿಗಳಿಗೆ ಫಲ ಕೊಡಲಿಲ್ಲವೆಂದು 2018ರಲ್ಲಿ ಪ್ರಕಟವಾಯಿತು. ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಸಂಶೋಧಕರು ಕ್ಲಾಡಿನ್-1 ಎಂಬ ಪ್ರೋಟೀನಿನ ಮೇಲೆ ಗುರಿಯಿಟ್ಟ ಪ್ರತಿಕಾಯವನ್ನು ರೋಗಿಗಳ ಯಕೃತ್ತಿನ ಅಂಗಾಂಶದಲ್ಲೇ ಪರೀಕ್ಷಿಸಿ, ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಿದರು. ಇಂಥ ಪರೀಕ್ಷೆ ನಡೆಯಲೇಬೇಕು. ಆದರೆ ಆ ಅಂಗಾಂಶ ಕೈಗೆ ಬರುವ ಬಗೆ ಯಾವುದು?

ನಾನು ಕನ್ನಡ ಅಧ್ಯಾಪಕ, ವೈದ್ಯನಲ್ಲ. ನನಗೆ ನೆನಪಾಗುವುದು ನಮ್ಮ ಹಾಸನ ಜಿಲ್ಲೆಯ ಕಲ್ಲುಗಳು. ಹಲ್ಮಿಡಿಯದು ದಾನಶಾಸನ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ದಾನ ಕೊಟ್ಟವರ ಶಾಸನಗಳೂ ಇವೆ, ಸಲ್ಲೇಖನದಿಂದ ದೇಹವನ್ನೇ ಬಿಟ್ಟವರ ಶಾಸನಗಳೂ ಇವೆ. ಕೊಟ್ಟವನಾರು, ಪಡೆದವನಾರು, ಯಾವುದಕ್ಕಾಗಿ, ಎಲ್ಲೆ ಯಾವುದು, ಸಾಕ್ಷಿ ಯಾರು, ಕೆಡಿಸಿದವನಿಗೆ ಏನು ಪಾಪ ಎಂಬುದನ್ನೆಲ್ಲ ಹೇಳಿದರೆ ದಾನಶಾಸನ ಪೂರ್ಣ. ಆಸ್ಪತ್ರೆಯ ಒಪ್ಪಿಗೆಪತ್ರ ಹೇಳಬೇಕಾದದ್ದೂ ಇದನ್ನೇ. ಒಪ್ಪಿಗೆ ಕೊಡುವವನಿಗೆ ತಿಳಿಯುವ ಭಾಷೆಯಲ್ಲಿ ಅದಿರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ವಿಧಿಸಿದೆ.

ಅರಕಲಗೂಡಿನ ಹೊಗೆಸೊಪ್ಪಿನ ರೈತ ಒಂದು ಗುಂಟೆ ಜಮೀನಿನ ಪತ್ರಕ್ಕೂ ಚೆಕ್ಕುಬಂದಿ ಓದಿಸಿ ಕೇಳದೆ ರುಜು ಹಾಕುವವನಲ್ಲ. ಅದೇ ರೈತ ಶಸ್ತ್ರಚಿಕಿತ್ಸೆಯ ಮುನ್ನಾದಿನ, ತೋರಿಸಿದ ಜಾಗದಲ್ಲೆಲ್ಲ ಹೆಬ್ಬೆಟ್ಟು ಒತ್ತುತ್ತಾನೆ. ಹೇಗಿದ್ದರೂ ಎಸೆಯುವ ತುಂಡಿಗೆ, ಹೆದರಿದವನನ್ನು ಇಷ್ಟೊಂದು ಕೇಳಿ ಪೀಡಿಸುವುದು ಕರುಣೆಯೆ ಎಂದು ವಾದಿಸುವವರುಂಟು. ವಾದದಲ್ಲಿ ಸತ್ಯಾಂಶವಿದೆ. ಆದರೆ ಬಿಟ್ಟದ್ದು ಬೇರೆ, ಕೊಟ್ಟದ್ದು ಬೇರೆ. 1951ರಲ್ಲಿ ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕರಿಯ ಹೆಂಗಸಿನ ಗೆಡ್ಡೆಯ ಜೀವಕೋಶಗಳನ್ನು ಕೇಳದೆ ತೆಗೆದರು. ಅವು ಲೋಕಕ್ಕೆಲ್ಲ ಉಪಕಾರ ಮಾಡಿದುವು. ಆದರೂ ಆ ಕೊರತೆ ಮಾಸಲಿಲ್ಲ. ಆಕೆಯ ಮನೆಯವರು ಹೂಡಿದ ದಾವೆಯೊಂದು ರಾಜಿಯಾದದ್ದು 2023ರಲ್ಲಿ.

ಶಾಸನದಲ್ಲಿ ದಾನಿಯ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಪ್ರಯೋಗಶಾಲೆಯಲ್ಲಿ ರೋಗಿಯ ಹಿತಕ್ಕಾಗಿಯೇ ಅವನ ಹೆಸರನ್ನು ಅಳಿಸಿ ಒಂದು ಸಂಖ್ಯೆ ಬರೆಯುತ್ತಾರೆ. ಅದು ಸರಿಯೇ. ಹೊಳೆನರಸೀಪುರದ ಯಾವ ತಾಯಿಯ ಯಕೃತ್ತು ಯಾರ ಪ್ರಾಣ ಉಳಿಸಿತೆಂದು ಮುಂದೆ ಯಾರೂ ಅರಿಯರು. ಕೀರ್ತಿಯಿಲ್ಲ, ಪ್ರತಿಫಲವಿಲ್ಲ. ಹಾಗಿರುವಾಗ ಆಕೆಗೆ ನಾವು ಸಲ್ಲಿಸಬಹುದಾದ ಗೌರವ ಒಂದೇ: ತೆಗೆದುಕೊಳ್ಳುವ ಮೊದಲು, ಆಕೆಯ ಪಕ್ಕದಲ್ಲಿ ಕುಳಿತು, ಆಕೆಯ ಮಾತಿನಲ್ಲಿ, ಬೇಡವೆನ್ನಲು ಎಡೆಕೊಟ್ಟು ಕೇಳುವುದು.